ಉಣ್ಣೆ ದುಡ್ಡಿನ ಅಂಗಿ

ಗುತ್ಯಪ್ಪನ ಮನೆಯಲ್ಲಿ ಬಟ್ಟೆಬರೆಗೆ ಇದ್ದದ್ದು ಒಂದೇ ಕಾನೂನು. ಉಣ್ಣೆ ಮಾರಿದ ದುಡ್ಡು ಮೈಗೆ, ಮರಿ ಮಾರಿದ ದುಡ್ಡು ಮನೆಗೆ. ಅದನ್ನು ಇದಕ್ಕೆ, ಇದನ್ನು ಅದಕ್ಕೆ ಬಳಸುವಂತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಊರವರೆಲ್ಲ ಹೇಳುತ್ತಾರೆ, ಚಾಚುವಾಗ ಮರೆಯುತ್ತಾರೆ. ಗುತ್ಯಪ್ಪ ಮರೆಯುವ ಆಸಾಮಿಯಲ್ಲ. ಅವನ ಅಪ್ಪ ತನ್ನ ತಂಗಿಯ ಮದುವೆಯ ಜವಳಿಗೆ ಅಂತ ಅರ್ಧ ಹಿಂಡು ಮಾರಿದವನು, ಉಳಿದರ್ಧವನ್ನೂ ಉಳಿಸಿಕೊಳ್ಳಲಾಗದೆ ಕೊನೆಗೆ ಇನ್ನೊಬ್ಬರ ಕುರಿ ಕಾದು ಸತ್ತಿದ್ದ.

"ಉಣ್ಣೆ ಕತ್ತರಿಸಿದ್ರೆ ಮತ್ತೆ ಬೆಳೀತೈತಿ. ಮರಿ ಕೊಟ್ರೆ ಹೋತು," ಅನ್ನುತ್ತಿದ್ದ ಗುತ್ಯಪ್ಪ.

ಕಾನೂನೇನೋ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಉಣ್ಣೆಯ ರೇಟು. ಮೊದಲೆಲ್ಲ ಕಂಬಳಿ ನೇಯುವವರು ಮನೆ ಬಾಗಿಲಿಗೆ ಬಂದು ಕೊಂಡೊಯ್ಯುತ್ತಿದ್ದರು. ಈಗ ಕೇಳುವವರೇ ಇಲ್ಲ. ಕತ್ತರಿಸಿದ ಉಣ್ಣೆ ಚೀಲದಲ್ಲಿ ತುಂಬಿ ಹಿತ್ತಲ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಉಣ್ಣೆ ಮಾರಾಟವಾಗಲಿಲ್ಲ, ಹಾಗಾಗಿ ಗುತ್ಯಪ್ಪ ಅಂಗಿ ಕೊಳ್ಳಲಿಲ್ಲ. ನಾಲ್ಕು ವರ್ಷದಿಂದ ಕಾಲರು ಹರಿದ ಅದೇ ಬಿಳಿ ಅಂಗಿ, ಅದೂ ಈಗ ಬಿಳಿ ಅನ್ನುವಂತಿರಲಿಲ್ಲ. ಹೆಂಡತಿ ಹಾಲಮ್ಮನಿಗೆ ತವರಿನವರು ಕೊಟ್ಟ ಸೀರೆಗಳಿದ್ದವು, ಹೇಗೋ ನಡೆಯುತ್ತಿತ್ತು. ಗುತ್ಯಪ್ಪನಿಗೆ ತವರೆಲ್ಲಿಂದ ಬರಬೇಕು?

ಇಂಥ ಹೊತ್ತಿನಲ್ಲಿ ಮಗಳು ರೋಜಾಳಿಗೆ ಗಂಡು ಗೊತ್ತಾಯಿತು. ಜಡೆ ಊರಿನ ನಾಗೇಶ. ಮುಂದಿನ ಭಾನುವಾರ ನಿಶ್ಚಿತಾರ್ಥ, ಇವರ ಮನೆಯಲ್ಲೇ. ರೋಜಾಳಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಹುಡುಗ ಅವಳಿಗೆ ಇಷ್ಟವಾಗಿದ್ದ, ತಾನೂ ಸೊರಬದ ಅಡಿಕೆ ಮಂಡಿಯಲ್ಲಿ ಕಂಪ್ಯೂಟರ್ ಕೆಲಸ ಮಾಡಿ ತಿಂಗಳಿಗೆ ಹದಿನಾಲ್ಕು ಸಾವಿರ ತರುತ್ತಿದ್ದಳು, ಆಸೆಗಳಿಗೆ ಬರವಿರಲಿಲ್ಲ. ಆ ಆಸೆಗಳಲ್ಲೆಲ್ಲ ದೊಡ್ಡದು ಒಂದೇ: ಬೀಗರ ಎದುರು ಅಪ್ಪ ಹೊಸ ಅಂಗಿ ತೊಟ್ಟು ಕೂರಬೇಕು.

"ಅಪ್ಪಾ, ನನ್ ಸಂಬಳದಾಗೆ ನಿಂಗೊಂದು ಅಂಗಿ ತರ್ತೀನಿ."

"ಸಂಬಳ ಉಣ್ಣೆ ಅಲ್ಲ. ಅದೂ ಅಲ್ದೆ, ನಾಳೆ ಇನ್ನೊಬ್ರ ಮನಿಗೆ ಹೋಗೋ ಹುಡುಗಿ ದುಡ್ಡಲ್ಲಿ ಅಪ್ಪ ಅಂಗಿ ತೊಟ್ಟ ಅಂದ್ರೆ ಊರು ನಗ್ತೈತಿ."

ಹಠದಲ್ಲಿ ಮಗಳೂ ಅಪ್ಪನಿಗೆ ಕಡಿಮೆಯಿಲ್ಲ. ಉಣ್ಣೆ ದುಡ್ಡೇ ಬೇಕೆಂದರೆ ಉಣ್ಣೆಯನ್ನೇ ಮಾರೋಣ ಎಂದು ಸೆರಗು ಸಿಕ್ಕಿಸಿದಳು. ಮಂಡಿಯಲ್ಲಿ ಜೊತೆಗೆ ಕೆಲಸ ಮಾಡುವ ವಾಗ್ದೇವಿ ಒಮ್ಮೆ, "ಉಣ್ಣೆ ಬುಡಕ್ಕೆ ಹೊದಿಸಿದ್ರೆ ಮೆಣಸಿನ ಬಳ್ಳಿಗೆ ಒಳ್ಳೇದಂತೆ, ನಮ್ಮ ಅಪ್ಪಯ್ಯ ಹುಡುಕ್ತಾ ಇದ್ದಾರೆ," ಅಂದಿದ್ದಳು. ರೋಜಾ ಎರಡು ಚೀಲ ಉಣ್ಣೆಯನ್ನು ಸೊರಬದ ಬಸ್ಸಿಗೆ ಹತ್ತಿಸಿದಳು. ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಂಡರು. ಕಂಡಕ್ಟರು, "ಏನಮ್ಮಾ, ಕುರೀನೇ ತರಬಹುದಿತ್ತಲ್ಲ, ಅದಾದ್ರೆ ತಾನೇ ಇಳಿದು ಹೋಗ್ತಿತ್ತು," ಅಂದ. ಬಸ್ಸೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ರೋಜಾ.

ವಾಗ್ದೇವಿಯ ತಂದೆ ಮಾಬ್ಲೇಶ್ವರ ಭಟ್ಟರು ಚೀಲ ತೂಗಿಸಿ ಕಿಲೋಗೆ ಇಪ್ಪತ್ತರಂತೆ ಆರುನೂರು ರೂಪಾಯಿ ಕೊಟ್ಟರು. "ಇದಕ್ಕಿಂತ ಹೆಚ್ಚು ಕೊಟ್ರೆ ನಮಗೆ ಗಿಟ್ಟೋದಿಲ್ಲ ತಂಗಿ," ಅಂದರು. ಅವರು ಹೇಳಿದ್ದು ನ್ಯಾಯವೇ. ಆದರೆ ಆರುನೂರಕ್ಕೆ ಬೀಗರ ಎದುರು ಕೂರುವಂಥ ಯಾವ ಅಂಗಿ, ಯಾವ ಪಂಚೆ ಬರುತ್ತದೆ?

ಸಂಜೆ ಬಸ್ಸಿಳಿದು ಮನೆಗೆ ನಡೆಯುವಾಗ ಅವಳ ಬುದ್ಧಿ ಓಡಿತು. ಹಿಂದಿನ ದಿನವಷ್ಟೇ ಸಂಬಳವಾಗಿತ್ತು. ಆರುನೂರಕ್ಕೆ ಐದು ಸಾವಿರದ ನಾನೂರು ಸೇರಿಸಿ ಅಪ್ಪನ ಕೈಗಿಟ್ಟಳು.

"ಕಿಲೋಗೆ ಇನ್ನೂರು ಅಪ್ಪಾ!"

ಗುತ್ಯಪ್ಪ ನೋಟುಗಳನ್ನು ಒಮ್ಮೆ ನೋಡಿದ, ಕುರಿದೊಡ್ಡಿಯ ಕಡೆ ಒಮ್ಮೆ ನೋಡಿದ. ಆಮೇಲೆ ಅವನ ಮುಖದ ಮೇಲೆ ಅರಳಿದ ನಗೆಯನ್ನು ರೋಜಾ ಹುಟ್ಟಿದಾಗಿನಿಂದ ಕಂಡಿರಲಿಲ್ಲ. "ಹಾಲೀ, ಹೊರಡೇ ಶಿರಾಳಕೊಪ್ಪಕ್ಕೆ! ಉಣ್ಣೆ ಬಂದೈತಿ!" ಎಂದು ಕೂಗಿದ. ಬೆಳಗಾಗಲಿ ಅಂತ ಅವನನ್ನು ತಡೆಯುವುದೇ ಕಷ್ಟವಾಯಿತು.

ಮಾರನೆಯ ದಿನ ಬಟ್ಟೆ ಅಂಗಡಿಯಲ್ಲಿ ಕಂಡದ್ದು ಬೇರೆಯೇ ಗುತ್ಯಪ್ಪ. ಜಿಪುಣ ಅಂತ ಊರು ಅಂದುಕೊಂಡಿದ್ದ ಮನುಷ್ಯ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅದು ತೆಗೀರಿ, ಇದು ತೆಗೀರಿ ಅಂತ ಕಪಾಟು ಖಾಲಿ ಮಾಡಿಸಿದ. ಮಗಳ ಸೀರೆಯ ಸೆರಗನ್ನು ಅಂಗಡಿ ಬಾಗಿಲಿಗೆ ಒಯ್ದು ಬಿಸಿಲಲ್ಲಿ ಹಿಡಿದು ನೋಡಿದ. ಹೆಂಡತಿಗೆ, "ಕಂದು ಬ್ಯಾಡ, ನಿಂಗೆ ಹಸಿರು ಒಪ್ಪತೈತಿ," ಅಂದಾಗ ಹಾಲಮ್ಮ ನಾಚಿ ಬೇರೆ ಕಡೆ ನೋಡಿದಳು. ತನಗೆ ಒಂದು ಜರಿ ಅಂಚಿನ ಪಂಚೆ, ಈರುಳ್ಳಿ ಸಿಪ್ಪೆ ಬಣ್ಣದ ಒಂದು ಅಂಗಿ. ಕೊನೆಗೆ ಇನ್ನೂರು ಚಿಲ್ಲರೆ ಉಳಿಯಿತು.

"ಇದು ಮನೆಗಿರ್ಲಿ," ಅಂದಳು ಹಾಲಮ್ಮ.

"ಏ, ಉಣ್ಣೆ ದುಡ್ಡು ಮೈಗೆ ಅಂದ್ರೆ ಮೈಗೇ! ಎರಡು ಟವೆಲ್ ಕೊಡ್ರೀ."

ರೋಜಾಳ ಎದೆ ತುಂಬಿ ಬಂತು. ಸುಳ್ಳು ಹೇಳಿದ್ದಕ್ಕೆ ಒಂಚೂರೂ ಬೇಜಾರಾಗಲಿಲ್ಲ. ಇನ್ನೂ ಮೊದಲೇ ಹೇಳಬೇಕಿತ್ತು ಅನ್ನಿಸಿತು.

ಬೇಜಾರು ಮರುದಿನ ಬೆಳಿಗ್ಗೆ ಬಂತು, ಚೀಲ ಹೊತ್ತುಕೊಂಡು. ಸಂತೋಷ ಗುತ್ಯಪ್ಪನ ಹೊಟ್ಟೆಯಲ್ಲಿ ನಿಲ್ಲುವುದುಂಟೇ? ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಕರಿಯಣ್ಣನಿಗೆ ಅವನು ಎಲ್ಲ ಹೇಳಿಬಿಟ್ಟಿದ್ದ. ಕರಿಯಣ್ಣನೂ ಕುರಿ ಸಾಕಿದವನೇ, ಕೇರಿಗೆಲ್ಲ ಹಿರಿಯ. ಈಗ ಅವನು ನಾಲ್ಕು ಚೀಲ ಉಣ್ಣೆಯೊಂದಿಗೆ ಅಂಗಳದಲ್ಲಿ ನಿಂತಿದ್ದ. ಹಿಂದೆ ಇಡೀ ಕೇರಿ ಚೀಲ ಹೊತ್ತು ಬರುತ್ತಿತ್ತು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ.

"ರೋಜವ್ವ, ಕಿಲೋಗೆ ಇನ್ನೂರಂತೆ! ನಮ್ದೂ ಒಯ್ಯವ್ವ. ಈ ದುಡ್ಡು ನಂಬಿ ಸೊಸೆಗೆ ಸೀರೆ ಹೇಳಿ ಬಂದೀನಿ," ಅಂದ ಕರಿಯಣ್ಣ.

ಗುತ್ಯಪ್ಪ ಜಗಲಿಯ ಮೇಲೆ ಜಮೀನ್ದಾರನಂತೆ ನಿಂತು, "ಸಾಲಾಗಿ ಇಡ್ರೋ!" ಅನ್ನುತ್ತಿದ್ದ. ರೋಜಾ ತನ್ನ ಮನೆಯ ಮಟ್ಟಿಗೆ ಹೇಳಿದ ಸುಳ್ಳು ಬೇರೆಯವರ ಸೊಸೆಯ ಸೀರೆಯವರೆಗೂ ಹೋಗಿತ್ತು. ಇನ್ನು ಸುಮ್ಮನಿದ್ದರೆ ಪಾಪ.

"ಕಿಲೋಗೆ ಇಪ್ಪತ್ತು, ಕರಿಯಣ್ಣಜ್ಜ. ಉಳಿದದ್ದು ನನ್ ಸಂಬಳ. ಅಪ್ಪ ತಗಳಾದಿಲ್ಲ ಅಂತ ಸುಳ್ಳು ಹೇಳ್ದೆ."

ಕರಿಯಣ್ಣ ಗುತ್ಯಪ್ಪನ ಮುಖ ನೋಡಿದ, ಮತ್ತೆ ಚೀಲ ಹೆಗಲಿಗೇರಿಸಿ, "ನಡೀರಿ," ಅಂದ. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಾಗಿತ್ತು.

ಎಲ್ಲರೂ ಹೋದ ಮೇಲೆ ಗುತ್ಯಪ್ಪ ಮಗಳನ್ನು ಕರೆದ. ಅವಳು ಬೈಗುಳಕ್ಕೆ ಸಿದ್ಧವಾಗಿ ಬಂದಳು.

"ಎಷ್ಟು ಹಾಕಿದ್ದಿ?"

"ಐದು ಸಾವಿರದ ನಾನೂರು."

"ಹದಿನಾಲ್ಕರಾಗೆ?"

"ಹ್ಞೂಂ."

"ಉಳಿದದ್ರಾಗೆ ತಿಂಗಳು ಕಳೀತೈತಾ?"

"ಕಳೀತೈತಿ. ಮಧ್ಯಾಹ್ನ ಹೋಟ್ಲು ಬಿಟ್ಟು ಡಬ್ಬಿ ಒಯ್ತೀನಿ. ಚೀಟಿ ದುಡ್ಡು ಮಾತ್ರ ಈ ತಿಂಗಳು ಕಟ್ಟಾಕಾಗಲ್ಲ."

ಗುತ್ಯಪ್ಪ ತಲೆಯಾಡಿಸಿದ. "ಕುರಿ ಉಣ್ಣೆ ಕತ್ತರಿಸೋವಾಗ ಒಂದು ಬೆರಳು ಬಿಟ್ಟು ಕತ್ತರಿಸ್ಬೇಕು. ಇಲ್ದಿದ್ರೆ ಚಳಿಗೆ ಸಾಯ್ತೈತಿ. ನೀನು ಚರ್ಮಕ್ಕೆ ಕತ್ರಿ ಹಾಕಿದ್ದಿ." ಅಷ್ಟು ಹೇಳಿ ಕುರಿ ಹೊಡೆದುಕೊಂಡು ಹೋದ. ಹೊಸ ಅಂಗಿಯ ಪೊಟ್ಟಣ ಬಿಚ್ಚದೆ ಹಾಗೇ ಗೂಡಿನಲ್ಲಿತ್ತು.

"ಭಾನುವಾರ ಹಾಕ್ಕಂತಾನಾ ಅವ್ವ?" ಅಂತ ರೋಜಾ ದಿನಕ್ಕೆ ಹತ್ತು ಸಲ ಕೇಳಿದಳು. ಹಾಲಮ್ಮ, "ನಿಮ್ಮಪ್ಪನ ಮನಸ್ಸು ನಿಮ್ಮಪ್ಪಂಗೇ ಗೊತ್ತಿರಾದಿಲ್ಲ," ಅನ್ನುತ್ತಿದ್ದಳು.

ಭಾನುವಾರ ಜಡೆಯಿಂದ ಬೀಗರು ಬಂದರು. ಕೇರಿಯೆಲ್ಲ ಬಂದಿತ್ತು. ಹೊಸ ಸೀರೆಯುಟ್ಟು ಒಳಗೆ ಕೂತಿದ್ದ ರೋಜಾಳಿಗೆ ನಾಗೇಶನನ್ನು ನೋಡುವ ಆತುರಕ್ಕಿಂತ ಅಪ್ಪನನ್ನು ನೋಡುವ ಆತುರ ಹೆಚ್ಚಾಗಿತ್ತು. ಅವಳನ್ನು ಕರೆತಂದು ಚಾಪೆಯ ಮೇಲೆ ಕೂರಿಸಿದಾಗ ಕದ್ದು ನೋಡಿದಳು. ಈರುಳ್ಳಿ ಸಿಪ್ಪೆ ಬಣ್ಣದ ಅಂಗಿ! ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಅವಳಿಗೆ ಎದ್ದು ಕುಣಿಯಬೇಕೆನ್ನಿಸಿತು, ಕಷ್ಟಪಟ್ಟು ತಲೆ ತಗ್ಗಿಸಿ ಕೂತಳು.

ಹುಡುಗನ ದೊಡ್ಡಪ್ಪ ವೀಳ್ಯ ಹಿಡಿದು ಕೇಳಿದರು, "ನಿಮ್ಮ ಕಡೆಯಿಂದ ಮಾತೇನಾದ್ರೂ ಇದ್ರೆ ಈಗ್ಲೇ ಹೇಳಿಬಿಡ್ರಿ." ಇದು ಎಲ್ಲ ಕಡೆ ಕೇಳುವ ಮಾತು. ಹೆಣ್ಣಿನ ಅಪ್ಪ ಕೈಮುಗಿದು, ಏನೂ ಇಲ್ಲ, ಮಗಳನ್ನ ಚೆನ್ನಾಗಿ ನೋಡ್ಕೊಳ್ರಿ ಅನ್ನಬೇಕು.

"ಐತಿ," ಅಂದ ಗುತ್ಯಪ್ಪ.

ಎಲ್ಲರೂ ಅವನತ್ತ ತಿರುಗಿದರು. ಅವನು ಎದೆಯ ಮೇಲಿನ ಅಂಗಿ ಹಿಡಿದು ತೋರಿಸಿದ.

"ಈ ಅಂಗಿ ನನ್ ಮಗಳ ಸಂಬಳದ್ದು. ಕೇರಿಗೆಲ್ಲ ಗೊತ್ತೈತಿ, ನಿಮಗೂ ಗೊತ್ತಿರ್ಲಿ. ದುಡಿಯೋಳು ಅವಳು. ವರ್ಷಕ್ಕೊಂದು ಸಾರಿ ಅವಳು ಅವ್ವಂಗೆ ಅಪ್ಪಂಗೆ ಬಟ್ಟೆ ತರೋಳು. ಎಷ್ಟು ಬಿಡ್ಬೇಕು, ಎಷ್ಟು ಕತ್ತರಿಸ್ಬೇಕು ಅವಳಿಗೆ ಹೇಳಿಕೊಟ್ಟೀನಿ. ಯಾಕೆ ಅಂತ ನಿಮ್ಮ ಮನ್ಯಾಗೆ ಯಾರೂ ಕೇಳಂಗಿಲ್ಲ. ಇದಕ್ಕೆ ಒಪ್ಪಿದ್ರೆ ವೀಳ್ಯ ಬದಲಾಯಿಸಾಣ."

ಹಾಲಮ್ಮ ಸೆರಗು ಬಾಯಿಗೊತ್ತಿಕೊಂಡಳು. ಮಗಳ ದುಡ್ಡಿನ ಬಟ್ಟೆ ತೊಟ್ಟಿದ್ದೀನೆಂದು ಬೀಗರ ಎದುರು ಹೀಗೆ ಬಾಯಿಬಿಟ್ಟು ಹೇಳಿದ ಅಪ್ಪನನ್ನು ಆ ಕೇರಿ ಕಂಡಿರಲಿಲ್ಲ. ದೊಡ್ಡಪ್ಪ ಹುಡುಗನ ಮುಖ ನೋಡಿದರು. ರೋಜಾ ತಲೆಯೆತ್ತಿದಳು, ಎತ್ತಬಾರದಿತ್ತು, ಆದರೂ ಎತ್ತಿ ನಾಗೇಶನನ್ನೇ ನೇರವಾಗಿ ನೋಡಿದಳು.

"ನಾನು ಒಪ್ಪಿದೆ ಮಾವ," ಅಂದ ನಾಗೇಶ.

ಗುತ್ಯಪ್ಪ ಮುಂದೆ ಬಾಗಿ ವೀಳ್ಯಕ್ಕೆ ಎರಡೂ ಕೈ ಚಾಚಿದ.