ಕಪ್ಪು ಕಂಬಳಿ ಹೊದ್ದ ಪಾಚಿ

ಅಕ್ಕನ ಎಡಗೈಯ ಎರಡು ಬೆರಳುಗಳಿಗೆ ತುದಿಯಿಲ್ಲ. ಭೂಮಿಯ ತುತ್ತತುದಿಯಲ್ಲಿ, ಮಂಜುಗಡ್ಡೆಯ ಮುಚ್ಚಳ ಹಾಕಿಕೊಂಡೇ ಇರುವ ಕೆರೆಯೊಂದರ ದಡದ ಗಡ್ಡೆ ಒಡೆದು, ತಳದಲ್ಲಿ ಚಾಪೆಯಂತೆ ಹಾಸಿಕೊಂಡಿದ್ದ ನೀಲಿಹಸಿರು ಪಾಚಿಯನ್ನು ಬಿಡಿಸಿ ತಂದವಳು ಅವಳು. ಬೆರಳುಗಳನ್ನು ಅಲ್ಲಿಯ ಹಿಮ ಇಟ್ಟುಕೊಂಡಿತು.

"ಪಾಚಿ ಅನ್ಬೇಡ ಕಣೇ, ಸಯನೊಬ್ಯಾಕ್ಟೀರಿಯಾ ಅನ್ನು" ಎಂದು ಅವಳು ಆಗಾಗ ತಿದ್ದುತ್ತಿದ್ದಳು.

"ಅಷ್ಟುದ್ದದ ಹೆಸರು ಕರೆದು ಮುಗಿಸೋ ಹೊತ್ತಿಗೆ ಅದಕ್ಕೇ ವಯಸ್ಸಾಗಿರುತ್ತೆ" ಎನ್ನುತ್ತಿದ್ದಳು ತಂಗಿ.

ಅದು ಮನೆಯಲ್ಲಿ ನಗು ಇದ್ದ ಕಾಲ. ಆಮೇಲೆ ಪ್ರಯೋಗಾಲಯದ ಸಾಹೇಬ ಅಕ್ಕನನ್ನು ಕೆಲಸದಿಂದ ತೆಗೆದ. ಆ ಹಿಮದ ನಾಡಿಗೆ ಅವನೂ ಹೋಗಿದ್ದ, ಆದರೆ ಡೇರೆಯ ಒಲೆ ಬಿಟ್ಟು ಎದ್ದವನಲ್ಲ. ಊರಿಗೆ ಬಂದ ಮೇಲೆ ಪಾಚಿಗೆ ತನ್ನ ಹೆಸರು ಅಂಟಿಸಿದ. ಅಕ್ಕ ಅದನ್ನು ತಂಪು ಕೋಣೆಯಲ್ಲಿ ತಟ್ಟೆಯಿಂದ ತಟ್ಟೆಗೆ ದಾಟಿಸುತ್ತ ವರ್ಷಗಟ್ಟಲೆ ಸಾಕಿದಳು. ಸಾಕಿ ಮುಗಿದ ಮೇಲೆ ಅವನು, "ಬೆರಳಿಲ್ಲದ ಕೈಗೆ ಗಾಜಿನ ಕೆಲಸ ಹೇಗಮ್ಮಾ ಕೊಡೋದು?" ಎಂದ. ಹತ್ತಿದ ಏಣಿಯನ್ನು ಒದೆಯುವವರನ್ನು ಲೋಕ ಕಂಡಿದೆ. ಏಣಿಗೆ ಕಾಲು ಸರಿಯಿಲ್ಲ ಎಂದು ದೂರಿ ಒದ್ದವನು ಇವನೊಬ್ಬನೇ.

ಅಂದಿನಿಂದ ಅಕ್ಕ ಅಡುಗೆಮನೆಯ ಕಿಟಕಿ ಹಿಡಿದು ಕೂತಳು. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೆ.

ತಂಗಿ ಫ್ರಿಜ್ ಮೆಕ್ಯಾನಿಕ್. ಮಾತು ಕಡಿಮೆ, ಕಣ್ಣು ಜಾಸ್ತಿ. ಪ್ರಯೋಗಾಲಯದ ತಂಪು ಕೋಣೆಯ ರಿಪೇರಿ ಅವಳ ಅಂಗಡಿಯದೇ. ಅವಳು ಯಾರ ತಂಗಿ ಎಂದು ಸಾಹೇಬನಿಗೆ ಗೊತ್ತಿರಲಿಲ್ಲ. ಸ್ಪ್ಯಾನರ್ ಹಿಡಿದವರ ಮುಖ ಅವನು ನೋಡಿದವನಲ್ಲ.

ಪ್ರಯೋಗಾಲಯದ ಉದ್ದ ರಜೆಗೆ ಮುಂಚೆ ಪತ್ರಿಕೆಯಲ್ಲಿ ಅವನ ಫೋಟೊ ಬಂತು. ಕೈಯಲ್ಲಿ ಹಸಿರು ತಟ್ಟೆ, ಕೆಳಗೆ ಅವನದೇ ಮಾತು: 'ಇವು ನನ್ನ ಮಕ್ಕಳಿದ್ದ ಹಾಗೆ.' ರಜೆ ಮುಗಿಯುತ್ತಲೇ ಹೊರದೇಶದ ತಜ್ಞರು ಪಾಚಿ ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಹೊಸ ಧ್ರುವ ಸಂಸ್ಥೆಗೆ ಅವನೇ ಮುಖ್ಯಸ್ಥ. ಅಕ್ಕ ಅದನ್ನು ಓದಿ, ಪತ್ರಿಕೆ ಮಡಚಿ, ಒಲೆಯಿಂದ ಇಳಿಸಿದ ಪಾತ್ರೆಯ ಅಡಿಗೆ ಇಟ್ಟಳು.

ತಂಗಿ ಸ್ಪ್ಯಾನರ್ ಪೆಟ್ಟಿಗೆ ಎತ್ತಿಕೊಂಡಳು.

ತಂಪು ಕೋಣೆಯ ಕಂಪ್ರೆಸರ್ ಸದ್ದು ಮಾಡುತ್ತಿದೆ ಎಂದು ಪ್ರಯೋಗಾಲಯದವರೇ ಕರೆಸಿದ್ದರು. ಅವಳು ಸದ್ದು ನಿಲ್ಲಿಸಿದಳು. ಜೊತೆಗೆ ಕೋಣೆಯ ಬಿಸಿ ಅಳೆಯುವ ಸೆನ್ಸರಿನ ತಂತಿಯನ್ನು ಎಳೆದು ತಂಪಿನ ಪೈಪಿಗೇ ಸುತ್ತಿದಳು. ಇನ್ನು ಯಂತ್ರ ತನ್ನ ಮೈಯ ಚಳಿಯನ್ನೇ ಮುಟ್ಟಿಕೊಂಡು, ಕೋಣೆ ತಂಪಾಗಿದೆ ಎಂದು ನಂಬಿ ಮಲಗುತ್ತದೆ. ಧ್ರುವದ ಬೇಸಿಗೆಯ ಬಿಸಿಲು ಬೀರುವ ದೀಪಗಳಿದ್ದವು. ಅವೂ ಆರದಂತೆ ಮಾಡಿದಳು. 'ಸಾಯಲಿ. ಅಕ್ಕನಿಗೆ ಸಿಗದ್ದು ಇವನಿಗೂ ಬೇಡ' ಎಂದುಕೊಂಡು ಬಾಗಿಲು ಎಳೆದಳು.

ರಜೆಯ ಕೊನೆಯ ದಿನ ಸಂಜೆ, ಅಕ್ಕ ಪಾತ್ರೆ ತೊಳೆಯುತ್ತಿದ್ದಾಗ, ತಂಗಿಗೆ ತಡೆಯಲಾಗಲಿಲ್ಲ.

"ಅಕ್ಕಾ, ನಿನ್ನ ಸಾಹೇಬನ ಮಕ್ಕಳು ಹೋದವು ಅಂದ್ಕೋ."

ಎಲ್ಲ ಹೇಳಿದಳು. ಅಕ್ಕ ಕೈಯಲ್ಲಿದ್ದ ತಟ್ಟೆಯನ್ನು ಸದ್ದಾಗದಂತೆ ಸಿಂಕಿನಲ್ಲಿಟ್ಟಳು. ಆ ನಿಧಾನ ಕಂಡೇ ತಂಗಿಗೆ ಹೆದರಿಕೆಯಾಯಿತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ದ್ರೋಹ ಮಾಡಿದ್ದು ಅವನು. ನಾನು ಸಾಕಿದ ಜೀವಾನ ನೀನು ಬೇಯಿಸೋಕೆ ಹೋದ್ಯಾ?"

"ಅವನ ಕೈಗೆ ಸಿಗಬಾರದು ಅಂತ..."

"ನನ್ನನ್ನ ಕೇಳಿದ್ಯಾ? ಎಷ್ಟು ಬಿಸಿ?"

"ಈ ಅಡುಗೆಮನೆಯಷ್ಟು."

"ಬಿಸಿಲಿನ ದೀಪ?"

"ಹಗಲೂ ರಾತ್ರಿ."

ಅಕ್ಕ ಕಟ್ಟೆಗೆ ಒರಗಿದಳು. ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾಳೆಂದು ತಂಗಿ ಹತ್ತಿರ ಹೋದರೆ, ಅಕ್ಕ ನಗುತ್ತಿದ್ದಳು.

"ಅವಕ್ಕೆ ಚಳಿ ಇಷ್ಟ ಅಂತ ನಿನಗೆ ಯಾರೇ ಹೇಳಿದ್ದು? ಬೇರೆ ದಾರಿಯಿಲ್ಲದೆ ಚಳಿ ತಡ್ಕೊಂಡಿವೆ ಅಷ್ಟೆ. ಬೆಚ್ಚಗೆ ಇಟ್ರೆ ಇನ್ನೂ ಚೆನ್ನಾಗೇ ಬೆಳೀತಾವೆ. ಬಿಸಿಲು ಹೆಚ್ಚಾದ್ರೆ ತಾವೇ ಒಂದು ಕಪ್ಪು ಕಂಬಳಿ ನೇಯ್ದು ಹೊದ್ಕೊಳ್ತಾವೆ. ನೋಡಿದ್ರೆ ಸೀದ ಪಾತ್ರೆಯ ತಳ. ಒಳಗೆ ಹಸಿರು."

"ಅಂದ್ರೆ ಅವನಿಗೇನೂ ಆಗಲ್ಲ." ತಂಗಿಯ ಮುಖ ಇಳಿಯಿತು.

"ಅವನಿಗೆ ಇದು ಗೊತ್ತಿದ್ರೆ ಏನೂ ಆಗಲ್ಲ." ಅಕ್ಕನ ದನಿ ಈಗ ಮಸೆದ ಕತ್ತಿಯಂತಿತ್ತು. "ಉಗುರಲ್ಲಿ ಒಂದ್ಸಲ ಕೆರೆದ್ರೆ ಸಾಕು. ಸಾಕಿದವರು ಕೆರೆದು ನೋಡದೆ ಬಿಸಾಕಲ್ಲ. ನೋಡೋಣ, ಅವನು ಎಂಥಾ ಅಪ್ಪ ಅಂತ."

"ಕೆರೆಯದೇ ಬಿಸಾಕಿದ್ರೆ?"

"ರಿಪೇರಿಗೆ ಮತ್ತೆ ಕರೀತಾರಲ್ಲ, ಬಿಸಾಕೋ ಜಾಗದಲ್ಲಿ ನೀನಿರ್ತೀಯ. ಒಂದು ತಟ್ಟೆಯಾದ್ರೂ ತರದೆ ಈ ಮನೆ ಮೆಟ್ಟಿಲು ಹತ್ಬೇಡ."

ಮರುದಿನ ಬೆಳಿಗ್ಗೆ ಫೋನ್ ಬಂತು. ಅಕ್ಕ ತಂಗಿಗೂ ಕೇಳುವಂತೆ ಹಿಡಿದಳು.

"ಮೇಡಂ, ಚೆನ್ನಾಗಿದ್ದೀರಾ?" ಹಿಂದೆಲ್ಲ 'ಏ ಹುಡುಗಿ' ಎನ್ನುತ್ತಿದ್ದ ಸಾಹೇಬನ ದನಿಗೆ ಬೆಣ್ಣೆ ಸವರಿದಂತಿತ್ತು. "ಒಂದು ಅನಾಹುತ ಆಗಿದೆ. ಎಲ್ಲಾ ಕಪ್ಪಗಾಗಿ ಸತ್ತಿವೆ. ನಾಳೆ ತಜ್ಞರು ಬರ್ತಿದ್ದಾರೆ. ನಿಮ್ಮ ಹತ್ರ ಒಂದು ಚೂರು ಇಟ್ಕೊಂಡಿರ್ತೀರಲ್ವಾ?"

"ಇಲ್ಲ. ಬರಿಗೈಲಿ ಕಳಿಸಿದ್ರಲ್ಲ. ನೀವು ಮುಟ್ಟಿ ನೋಡಿದ್ರಾ?"

"ಸತ್ತಿದ್ದನ್ನ ಮುಟ್ಟೋದೇನು?"

"ಇನ್ನೊಂದ್ಸಲ ಕೇಳ್ತೀನಿ. ಕೈಯಿಟ್ಟು ನೋಡಿದ್ರಾ?"

"ನನಗೆ ಪಾಠ ಹೇಳ್ಬೇಡ. ಸತ್ತಿದ್ದು ನನಗೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ನಿಮ್ಮ ಮಕ್ಕಳಲ್ವಾ" ಎಂದು ಅಕ್ಕ ಫೋನ್ ಇಟ್ಟಳು.

ಮಧ್ಯಾಹ್ನ ತಂಗಿಗೆ ಕರೆ ಬಂತು. ಹೋದರೆ ತಂಪು ಕೋಣೆಯ ಕಪಾಟುಗಳು ಬರಿದಾಗಿದ್ದವು. ತಟ್ಟೆಗಳನ್ನೆಲ್ಲ ದೊಡ್ಡ ಬಕೆಟಿಗೆ ಸುರಿದು, ಎಲ್ಲವನ್ನೂ ಬೇಯಿಸಿ ಕೊಲ್ಲುವ ಹಬೆಯಂತ್ರದ ಮುಂದೆ ಇಟ್ಟಿದ್ದರು. ಸಾಹೇಬ ಅವಳ ಮುಖ ನೋಡದೆಯೇ, "ಎಂಥಾ ರಿಪೇರಿ ಮಾಡಿದೆಯೋ ಏನೋ. ಮೊದಲು ಸರಿ ಮಾಡು" ಎಂದು ಸಿಡುಕಿ, ಅತಿಥಿಗಳ ಊಟದ ವ್ಯವಸ್ಥೆ ನೋಡಲು ಹೋದ. ಅವಳು ತಂತಿಯನ್ನು ಪೈಪಿನಿಂದ ಬಿಚ್ಚಿದಳು. ಬಕೆಟಿನ ಮೇಲುಗಡೆ ಮುಚ್ಚಳ ಕದಲದೆ ಉಳಿದಿದ್ದ ತಟ್ಟೆಗಳನ್ನು ಆರಿಸಿ, ತನ್ನ ಪೆಟ್ಟಿಗೆಯ ಸ್ಪ್ಯಾನರ್‌ಗಳನ್ನು ಹೊರತೆಗೆದು ಆ ಜಾಗದಲ್ಲಿಟ್ಟಳು. ಸ್ಪ್ಯಾನರ್‌ಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಡೆದರೆ ಝಣಝಣ ಎನ್ನದಂತೆ ಕಾಲೆಳೆಯುತ್ತ ಹೊರಬಂದಳು. ಹಿಂದೆ ಹಬೆಯಂತ್ರ ಬುಸುಗುಟ್ಟತೊಡಗಿತ್ತು.

ತಜ್ಞರು ಬಂದ ದಿನ ಸಭಾಂಗಣದಲ್ಲಿ ಯಾರು ಬೇಕಾದರೂ ಕೂರಬಹುದಿತ್ತು. ಅಕ್ಕತಂಗಿಯರು ಹಿಂದಿನ ಸಾಲಿನಲ್ಲಿ ಕೂತರು. ಸಾಹೇಬ ಕರವಸ್ತ್ರದಿಂದ ಕಣ್ಣೊತ್ತಿಕೊಂಡು, ಯಂತ್ರ ಕೈಕೊಟ್ಟಿತು, ಬಿಸಿಗೆ ಎಲ್ಲ ಕಪ್ಪಗಾಗಿ ಸತ್ತವು, ಈ ಕೈಯಾರೆ ಸಾಕಿದ್ದೆ ಎಂದ.

ಅಕ್ಕ ಎದ್ದು ನಡೆದಳು. ಊಟದ ಡಬ್ಬಿಯಿಂದ ಕಪ್ಪು ತಟ್ಟೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

"ಇವು ನೀವು ನಿನ್ನೆ ಬಿಸಾಕಿದವು."

ಉಳಿದ ಬೆರಳೊಂದರ ಉಗುರಿನಿಂದ ಮೆಲ್ಲಗೆ ಕೆರೆದಳು. ಕಪ್ಪು ಸರಿಯಿತು. ಅಡಿಯಲ್ಲಿ ನವಿಲ ಕೊರಳಿನ ಬಣ್ಣ.

ತಜ್ಞರಲ್ಲಿ ಹಿರಿಯಳೊಬ್ಬಳು ಬಗ್ಗಿ ನೋಡಿದಳು. ಆಮೇಲೆ ಅಕ್ಕನ ಕೈ ನೋಡಿದಳು. ಕೊನೆಗೆ ಸಾಹೇಬನ ಕಡೆ ತಿರುಗಿ, "ಉಳಿದವೆಲ್ಲಿ?" ಎಂದು ಕೇಳಿದಳು.

"ಬೇಯಿಸಿ..." ಎಂದ ಸಾಹೇಬ.

"ಕೆರೆದು ನೋಡಲಿಲ್ಲವೆ?"

ಅವನು ಉತ್ತರಕ್ಕಾಗಿ ಸುತ್ತ ನೋಡಿದ. ಹಿಂದಿನ ಸಾಲಿನಲ್ಲಿ ಸ್ಪ್ಯಾನರ್ ಹುಡುಗಿ ಕಂಡಳು. ಮೊದಲ ಸಲ ಅವಳ ಮುಖ ನೋಡಿದ. ಅದೇ ಹಣೆ, ಅದೇ ಮೂಗು.

"ನೀನು..."

"ತಂಗಿ, ಸಾರ್" ಎಂದಳು ಅವಳು. "ಒಡಹುಟ್ಟಿದವಳು."

ನಾಳೆಯಿಂದ ಆ ಕೋಣೆಯ ಕೆಲಸ ತನ್ನ ಅಂಗಡಿಗೆ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಇನ್ನೂ ದೊಡ್ಡ ಶಿಕ್ಷೆ ಬಂದರೂ ಬರಬಹುದು. ಅವನ ಮುಖ ಬಿಳುಚುವುದನ್ನು ಅವಳು ಕೊನೆಯವರೆಗೂ, ಕಣ್ಣು ಮಿಟುಕಿಸದೆ ನೋಡಿದಳು.

ಮನೆಯ ದಾರಿಯಲ್ಲಿ ಅಕ್ಕ ಡಬ್ಬಿಯನ್ನು ಎದೆಗವಚಿಕೊಂಡು ನಡೆಯುತ್ತಿದ್ದಳು.

"ಇನ್ನೊಂದ್ಸಲ ನನ್ನ ಕೇಳದೆ ಇವನ್ನ ಮುಟ್ಟಿದ್ರೆ, ನಿನ್ನ ಬೆರಳು ನಾನೇ ಮುರೀತೀನಿ."

ತಂಗಿ ಹೂಂ ಎಂದಳು. ಅಕ್ಕ ತಮಾಷೆಗೆ ಹೇಳುತ್ತಿರಲಿಲ್ಲ.