ನನಗೆ ಹಿಡಿಸಿದ ಹುಳಿ ಬಿಯರು

ಬಿಯರ್ ಅಂದರೆ ಬೇವಿನ ಕಷಾಯದ ತಮ್ಮ, ಅದನ್ನು ಸಹಿಸಿಕೊಳ್ಳುವುದೇ ಗಂಡಸ್ತನ ಎಂದು ನಾನು ನಂಬಿದ್ದೆ. ವಡ್ಡು ಎಂಬ ಊರಿನ ಹತ್ತಿರದ ಕಾರ್ಖಾನೆಯಲ್ಲಿ ನಾನು ವೆಲ್ಡರ್, ನನ್ನ ದೋಸ್ತ ಗಿರೀಶ ಫಿಟ್ಟರ್. ರಜೆಯ ಹಿಂದಿನ ಸಂಜೆ ನಮಗೆ ಒಂದು ಸ್ಟ್ರಾಂಗ್ ಬಿಯರ್ ಬಾಟ್ಲಿ, ಎರಡು ಗ್ಲಾಸು, ಅರ್ಧರ್ಧ. ನನ್ನ ತಂಗಿಯ ಮದುವೆ ಮಾತು, ಅವನ ಹೆಂಡತಿಯ ಮುನಿಸು, ಎಲ್ಲ ಬಗೆಹರಿದದ್ದು ಆ ಬಾಟ್ಲಿಯ ಮುಂದೆಯೇ. ನಮ್ಮ ದೋಸ್ತಿ ನಿಂತದ್ದೇ ಅದರ ಮೇಲೆ ಎಂದರೂ ನಡೆದೀತು.

ಮೊನ್ನೆ ಹೊಸಪೇಟೆಯಲ್ಲಿ ಬಿಯರನ್ನು ಅಲ್ಲೇ ತಯಾರಿಸುವ ಹೊಸ ಹೋಟೆಲಿಗೆ ಹೋದೆವು. ಗಿರೀಶನದೇ ಹಟ. ಕೌಂಟರಿನಲ್ಲಿದ್ದ ಐಶ್ವರ್ಯ ಎಂಬ ಹುಡುಗಿ ನಗುತ್ತ ಬಂದಳು.

"ಒಂದ್ ಸ್ಟ್ರಾಂಗು, ಎರಡ್ ಗ್ಲಾಸು," ಎಂದ ಗಿರೀಶ.

"ನಮ್ಮಲ್ಲಿ ಬಾಟ್ಲಿ ಇಲ್ರಿ ಅಣ್ಣಾ. ಸಣ್ ಗ್ಲಾಸ್‌ನ್ಯಾಗ ಮೊದ್ಲು ರುಚಿ ನೋಡ್ರಿ. ಲಾಗರ್ ಐತಿ, ಪೇಲ್..."

"ಲಾಗರ್ ಕುಡುದ್ರ ಲಾಗಾ ಹಾಕ್ತಾರೇನ್ರಿ?" ಎಂದೆ ನಾನು.

"ಯಾರ್ರೀ ಪೇಲು?" ಗಿರೀಶ ಎದ್ದೇ ನಿಂತ. "ಎಸ್ಸೆಸ್ಸೆಲ್ಸಿ ಎರಡ್ನೇ ಸಲಕ್ಕ ಪಾಸಾಗೀನಿ ನಾನು!"

ಪಾಪ, ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಪೇಲ್ ಏಲ್ ಎಂಬುದು ಒಂದು ಬಿಯರಿನ ಹೆಸರು ಎಂದು ನಮಗೆ ತಿಳಿಯುವ ಹೊತ್ತಿಗೆ ಪಕ್ಕದ ಮೇಜಿನವರೂ ನಗುತ್ತಿದ್ದರು.

ಲಾಗರ್ ನನಗೆ ಸಪ್ಪೆ ಎನಿಸಿತು. ಆ ಪೇಲ್ ಏಲಿನಲ್ಲಿ ಕಿತ್ತಳೆ ಸಿಪ್ಪೆಯ ಘಮ ಇತ್ತು, ಹಾಳು ಕಹಿಯೂ ಇತ್ತು. ಸ್ಟೌಟ್ ಎಂಬ ಕಪ್ಪನೆಯದು ಸೀದ ಕಾಫಿ. ಗಿರೀಶ ಮಾತ್ರ ಎಲ್ಲದಕ್ಕೂ "ಮಸ್ತ್ ಐತಲೇ" ಎಂದು ಚಪ್ಪರಿಸುತ್ತಿದ್ದ. ಕೊನೆಗೆ ಗೋಧಿಯ ಹುಳಿ ಬಿಯರ್ ಬಂತು. ಒಂದು ಗುಟುಕು ಕುಡಿದೆ. ಅಯ್ಯೋ ಶಿವನೇ! ಬ್ಯಾಸಗಿಯಲ್ಲಿ ಅವ್ವ ಕೊಡುವ ಜೋಳದ ಹುಳಿ ಅಂಬಲಿ! ಎಲ್ಲಿ ಅಡಗಿತ್ತು ಇದು ಇಷ್ಟು ದಿನ? ನೋಡುವಷ್ಟರಲ್ಲಿ ಗ್ಲಾಸು ಖಾಲಿ.

ಗಿರೀಶ ತನ್ನದನ್ನು ನಾಲಿಗೆಗೆ ತಾಗಿಸಿ, "ಥೂ, ಹಳಸೇತಲೇ ಇದು. ನಡಿ, ಬ್ಯಾರೆ ಕಡೆ ಹೋಗಿ ನಮ್ ಸ್ಟ್ರಾಂಗ್ ತಗಳ್ಳಾಣು," ಎಂದ.

ಬೇರೆ ಬೇರೆ ಬಿಯರ್ ಎಂದರೆ ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಹಾಗೆ. ಸುಮ್ಮನಿದ್ದರೆ ಸಾಯುವ ತನಕ ಕಷಾಯ. ಏನಾದರಾಗಲಿ ಎಂದು ಬಾಯಿ ಬಿಟ್ಟೆ.

"ಗಿರ್ಯಾ, ನಂಗ ಇದಾ ಬೇಕಲೇ. ಸ್ಟ್ರಾಂಗು ನಂಗ ಸೇರಂಗಿಲ್ಲ."

"ಸೇರಂಗಿಲ್ಲ? ಮತ್ತ ಇಷ್ಟ್ ವರ್ಷ ಕುಡದ್ಯಲ್ಲ?"

"ಬಿಯರ್ ಅಂದ್ರ ಹಂಗಾ ಇರ್ತೈತಿ ಅನ್ಕಂಡಿದ್ನೆಪ್ಪಾ. ಇನ್ಮ್ಯಾಲೆ ನೀ ನಿಂದು ತಗಾ, ನಾ ನಂದು ತಗಂತೀನಿ."

ಗಿರೀಶನ ಮುಖ ಸಣ್ಣದಾಯಿತು. ಹಾಳಾದ ನಾಲಿಗೆಯೇ, ಅಂಬಲಿ ಕುಡಿಯಬೇಕಿದ್ದರೆ ಮನೆಯಲ್ಲಿ ಕುಡಿಯಬಾರದಿತ್ತೇ ಎಂದು ನನ್ನನ್ನೇ ಬೈದುಕೊಂಡೆ.

ಐಶ್ವರ್ಯ ನನ್ನ ಮುಂದೆ ದೊಡ್ಡ ಗ್ಲಾಸಿನ ತುಂಬ ಹುಳಿ ಬಿಯರ್ ತಂದಿಟ್ಟಳು. "ನಿಮಗ್ಯಾವ್ದು ಕೊಡ್ಲ್ರಿ ಅಣ್ಣಾ?" ಎಂದು ಗಿರೀಶನನ್ನು ಕೇಳಿದಳು.

"ಒಂದ್ ಖಾಲಿ ಗ್ಲಾಸ್ ಕೊಡ್ರಿ."

ಅವನು ನನ್ನ ಗ್ಲಾಸೆತ್ತಿ ಸರಿಯಾಗಿ ಅರ್ಧ ಬಗ್ಗಿಸಿಕೊಂಡ. ಎರಡು ಗುಟುಕಿಗೇ ಅವನ ಕಣ್ಣಲ್ಲಿ ನೀರು ಬಂತು.

"ಬ್ಯಾಡ ಬಿಡಲೇ, ನಿಂಗದು ಸೇರಂಗಿಲ್ಲ," ಎಂದೆ.

"ಇಷ್ಟ್ ವರ್ಷ ನಂದು ನೀ ಕುಡದಿ. ಇನ್ನಷ್ಟ್ ವರ್ಷ ನಿಂದು ನಾ ಕುಡೀತೀನಿ," ಎಂದ. "ಸುಮ್ನ ಕುಂದ್ರು, ಪರಶ್ಯಾ."