ಟ್ರಾಲಿ ಏರಿದ ನಂದಿ

ಮಸ್ಕಿ ಪಟ್ಟಣದ ಸಮಸ್ತ ಸದ್ಭಕ್ತರಿಗೆ, ವ್ಯಾಪಾರಸ್ಥರಿಗೆ ಹಾಗೂ ಬೆಳಗಿನಿಂದ ಕಟ್ಟೆ ಸವೆಸುತ್ತಿರುವ ಬಂಧುಗಳಿಗೆ ತೀವ್ರ ವಿಷಾದದಿಂದ ತಿಳಿಯಪಡಿಸುವುದೇನೆಂದರೆ, ಗೊಬ್ಬರದಂಗಡಿಯ ಶ್ರೀ ಹಂಪಣ್ಣನವರ ಮೋಟರ್‌ಸೈಕಲ್ಲಿಗೆ ಎಡಗಡೆಯ ಕನ್ನಡಿ ಇರುವುದಿಲ್ಲ.

ಹೀಗಂತ ಯಾರೂ ಡಂಗುರ ಹೊಡೆಸಲಿಲ್ಲ. ಹೊಡೆಸುವ ಅಗತ್ಯವೂ ಇರಲಿಲ್ಲ. ಸಿಂಧನೂರಿನಿಂದ ವಾಪಸು ಬಂದ ಹಂಪಣ್ಣನ ಮುಖವೇ ಡಂಗುರದ ಹಾಗೆ ಬಿಗಿದುಕೊಂಡಿತ್ತು. ಮುಟ್ಟಿದರೆ ಸಾಕು, ಮೊಳಗುತ್ತಿತ್ತು.

ಆ ಗಾಡಿ ಅವನ ಮದುವೆಯಲ್ಲಿ ಮಾವ ಕೊಟ್ಟದ್ದು. ವರದಕ್ಷಿಣೆಯಲ್ಲ. 'ಅವರು ಕೊಟ್ಟರು, ನಾನು ಬ್ಯಾಡ ಅನ್ನಲಿಲ್ಲ' ಎಂಬುದು ಹಂಪಣ್ಣನ ತತ್ವ. ಅದಕ್ಕೆ ನಂದಿ ಎಂದು ಹೆಸರಿಟ್ಟು, ಪ್ರತಿ ಸೋಮವಾರ ಹೆಡ್‌ಲೈಟಿಗೆ ಮೂರು ಬೆರಳು ವಿಭೂತಿ ಬಳಿದು, ಹಳೆಯದನ್ನು ಅಳಿಸದೆ ಹೊಸದನ್ನು ಮೆತ್ತುತ್ತ ಬಂದಿದ್ದ. 'ಯಾರ ಗಾಡಿ ಇದು?' ಎಂದರೆ 'ನಂದಿ ನಂದು' ಎನ್ನುತ್ತಿದ್ದ. ಸರಕಾರ ಮಾತ್ರ, ಹದಿನೈದು ವರ್ಷ ತುಂಬಿದ ಮೇಲೆ ಅದು ನಿನ್ನದೋ ಗುಜರಿಯವನದೋ ಎಂದು ಬ್ರೇಕ್ ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸಿ ಹೇಳಿಸಿಕೊಂಡು ಬಾ ಎಂದಿತ್ತು.

ಇಷ್ಟೇ ಆಗಿದ್ದರೆ ಹಂಪಣ್ಣ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಲಿಂಗಸುಗೂರಿನಲ್ಲಿ ಅವನ ಹೆಂಡತಿ ಪಾರ್ವತೆಮ್ಮನ ತಮ್ಮ ಗುರುಬಸವ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಕರೆಯುವಾಗ ಫೋನಿನಲ್ಲಿ ಸುಮ್ಮನಿರದೆ ಒಂದು ಮಾತು ತೂರಿದ್ದ: "ಮಾಮಾ, ಆ ಡಬ್ಬಿ ಮ್ಯಾಲೆ ಮಾತ್ರ ಬರಬ್ಯಾಡ್ರಿ. ಅಂಗಳಕ್ಕ ಹೊಸಾ ಟೈಲ್ಸ್ ಹಾಕ್ಸೀನಿ, ಎಣ್ಣಿ ಸೋರತೈತಿ. ನಾನಾ ಕಾರ್ ಕಳಸ್ತೀನಿ."

"ಬಂದ್ರ ನಂದಿ ಮ್ಯಾಲೇ ಬರ್ತೀವಿ ಲೇ," ಎಂದಿದ್ದ ಹಂಪಣ್ಣ. "ಪಾಸ್ ಮಾಡಿಸ್ಕೊಂಡು, ನಿನ್ನ ಟೈಲ್ಸ್ ಮ್ಯಾಲೇ ಸ್ಟ್ಯಾಂಡ್ ಹಾಕ್ತೀನಿ. ಇಲ್ಲಂದ್ರ ನಾನೂ ಇಲ್ಲ, ನಿಮ್ಮಕ್ಕನೂ ಇಲ್ಲ."

ತಮ್ಮನ ಮನೆಯ ಒಲೆಯ ಮೇಲೆ ಮೊದಲ ಹಾಲುಕ್ಕಿಸಬೇಕಾದವಳು ಆ ಅಕ್ಕ. ಅವಳನ್ನು ಯಾರೂ ಕೇಳಿರಲಿಲ್ಲ. ಕೇಳುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ಸಿಂಧನೂರಿನ ಸುತ್ತ ಕ್ಯಾಂಪುಗಳಿಗೇನೂ ಬರವಿಲ್ಲ. ಆರ್.ಎಚ್. ಕ್ಯಾಂಪಿನಿಂದ ಹಿಡಿದು, ಕಾಲುವೆಗೊಂದರಂತೆ ಕ್ಯಾಂಪು. ಅವೆಲ್ಲ ವಲಸೆ ಬಂದವರು ನೆಲೆ ನಿಂತ ಕ್ಯಾಂಪುಗಳು. ಬೆಳಿಗ್ಗೆ ಹುಟ್ಟಿ ಸಂಜೆಗೆ ಸಾಯುವ ಕ್ಯಾಂಪು ಒಂದೇ, ಗಾಡಿ ತಪಾಸಣೆಯದು. ಊರ ಹೊರಗಿನ ಬಯಲಿನಲ್ಲಿ, ಬೇವಿನ ಮರದಡಿ ಒಂದು ಮೇಜು, ಒಂದು ಕುರ್ಚಿ. ಕುರ್ಚಿಯ ಮೇಲೆ ಮೀಸೆಯ ಇನ್ಸ್‌ಪೆಕ್ಟರೊಬ್ಬ ಇರುತ್ತಾನೆಂದು ಹಂಪಣ್ಣ ಹೋಗಿದ್ದ. ಇದ್ದವಳು ಸಂಘಮಿತ್ರಾ ಎಂಬ ಯುವತಿ. ಅಲ್ಲಿಗೇ ಅವನ ಅರ್ಧ ಗಾಳಿ ಹೋಗಿತ್ತು, ಉಳಿದರ್ಧ ತಲೆಗೇರಿತ್ತು.

"ಎಡಗಡೆ ಕನ್ನಡಿ ಎಲ್ರೀ?"

"ಜರೂರತ್ತಿಲ್ಲ ಮೇಡಂ. ನಾ ಹಿಂದ ನೋಡಾಂವಲ್ಲ, ಮುಂದ ನೋಡಾಂವ."

"ಮತ್ತ ಬಲಗಡೆ ಒಂದು ಯಾಕಿಟ್ಟೀರಿ?"

"ತಲಿ ಬಾಚಾಕ."

ಅವಳು ಬರೆದುಕೊಂಡಳು. "ಹಾರ್ನ್ ಹೊಡೀರಿ."

ನಂದಿ ಕೆಮ್ಮಿತು.

"ಹಾದಿ ಬಿಡಾವ್ರು ಕೆಮ್ಮಿದ್ರೂ ಬಿಡ್ತಾರ ಮೇಡಂ," ಹಂಪಣ್ಣ ವಿವರಿಸಿದ. "ಬಿಡಲಾರದಾವ್ರು ಶಂಖ ಊದಿದ್ರೂ ಬಿಡೂದಿಲ್ಲ."

"ಲೈಟ್ ಹಾಕ್ರಿ... ಹಾಕೀರೇನು?"

"ಹಾಕೀನಲ್ರೀ! ಅದು ವಿಭೂತಿ."

"ವಿಭೂತಿ ನಿಮ್ಮ ಹಣಿ ಮ್ಯಾಲೆ ಇರ್ಲಿ, ಗ್ಲಾಸಿನ ಮ್ಯಾಲೆ ಬೆಳಕು ಇರ್ಲಿ. ದೀಪ ನಂದಿ ಹೋಗೈತಿ ಅಂತ ಬರೀತೀನಿ."

"ನಂದಿ ಅಂತ ನೀವಾ ಒಪ್ಪಿದ್ರಿ!" ಎಂದು ಹಂಪಣ್ಣ ಸುತ್ತ ನಿಂತವರ ಕಡೆ ನೋಡಿದ. ಇಬ್ಬರು ನಕ್ಕರು. ಆ ಇಬ್ಬರ ನಗೆಯೇ ಮುಂದಿನ ಎಲ್ಲ ಅನಾಹುತಕ್ಕೂ ಪೆಟ್ರೋಲು.

ಸಂಘಮಿತ್ರಾ ಬಗ್ಗಿ ಹಿಂದಿನ ಗಾಲಿ ನೋಡಿದಳು. ಹಿಂದೆ ಕುಳಿತವರ ಸೆರಗು ಗಾಲಿಗೆ ಸಿಗದಂತೆ ಇರಬೇಕಾದ ಕಂಬಿಯ ಜಾಳಿಗೆ ಅಲ್ಲಿರಲಿಲ್ಲ. "ಸೀರೆಗಾರ್ಡ್ ಎಲ್ರೀ?"

"ನಾ ಸೀರಿ ಉಡೂದಿಲ್ಲ ಮೇಡಂ."

ಈ ಸಲ ನಾಲ್ವರು ನಕ್ಕರು.

"ಹಿಂದ ಕುಂದ್ರಾವ್ರು?"

"ನಮ್ಮ ಮನಿಯಾಕಿ ತನ್ನ ಸೆರಗು ತಾನಾ ಸಂಭಾಳಿಸ್ಕೊಂತಾಳ."

ಸಂಭಾಳಿಸಿದ್ದಕ್ಕೆ ಸಾಕ್ಷಿ ಮನೆಯ ಟ್ರಂಕಿನಲ್ಲಿತ್ತು: ದಡಿ ಹರಿದ ಎರಡು ಇಳಕಲ್ ಸೀರೆ. ಲೋಕದ ನಂದಿಗಳೆಲ್ಲ ಹುಲ್ಲು ತಿಂದರೆ, ಹಂಪಣ್ಣನದು ಸೆರಗು ಮೇಯುವ ಜಾತಿಯದು.

ಕನ್ನಡಿ, ಹಾರ್ನು, ದೀಪ, ಸೀರೆಗಾರ್ಡು. ನಾಲ್ಕೂ ಚಿಲ್ಲರೆ ದೋಷ. ಗಾಡಿ ಫೇಲು. ಚೀಟಿಯ ಕೆಳಗೆ ಸರಕಾರದ ಖಾಸಾ ಕನ್ನಡದಲ್ಲಿ ಒಂದು ಸಾಲು: 'ದೋಷ ಸರಿಪಡಿಸುವವರೆಗೆ ಸದರಿ ವಾಹನವನ್ನು ರಸ್ತೆಗೆ ಇಳಿಸತಕ್ಕದ್ದಲ್ಲ.'

"ನಮ್ಮ ಕಡಿ ರಸ್ತಿ ನೋಡೀರೇನು?" ಹಂಪಣ್ಣ ಗುಡುಗಿದ. "ಗಾಡಿ ರಸ್ತಿಗೆ ಯೋಗ್ಯ ಇಲ್ಲಂತ ಚೀಟಿ ಕೊಡ್ತೀರಿ. ರಸ್ತಿ ಗಾಡಿಗೆ ಯೋಗ್ಯ ಇಲ್ಲಂತ ಚೀಟಿ ಕೊಡಾವ್ರು ಯಾರು?"

"ರಸ್ತಿ ನನ್ನ ಮುಂದ ತಪಾಸಣಿಗೆ ಬಂದಿಲ್ರೀ," ಎಂದಳು ಸಂಘಮಿತ್ರಾ. "ಬಂದ್ರ ಫೇಲ್ ಮಾಡ್ತೀನಿ. ಮುಂದಿನ ಗಾಡಿ!"

ಮಸ್ಕಿಯ ಮೆಕ್ಯಾನಿಕ್ ಜಂಗ್ಲಿಸಾಬ್ ಚೀಟಿ ನೋಡಿ ಹಗುರಾಗಿ ನಕ್ಕ. "ಇಷ್ಟೇ ಏನ್ರೀ ಅಣ್ಣಾರ? ನಿಮ್ಮ ಚಾ ಆರೂದ್ರಾಗ ಮುಗಿಸಿ ಕೊಡ್ತೀನಿ."

"ಮುಟ್ಟಬ್ಯಾಡ! ರಿಪೇರಿ ಮಾಡಿದ್ರ ತಪ್ಪು ಒಪ್ಕೊಂಡಂಗ."

"ತಪ್ಪು ಗಾಡೀದ್ರೀ, ನಿಮ್ದೇನೈತಿ?"

"ನಂದಿ ತಪ್ಪು ಅಂದ್ರ ನಂದಾ ತಪ್ಪು. ನಂದು ತಪ್ಪಿಲ್ಲ. ಅದಕ್ಕ ನಂದೀದೂ ತಪ್ಪಿಲ್ಲ."

ಈ ತರ್ಕದ ಮುಂದೆ ಜಂಗ್ಲಿಸಾಬನ ಸ್ಪ್ಯಾನರ್ ಸೋತಿತು. ಚಾ ಕುಡಿದು ಎದ್ದುಹೋದ.

ಹಂಪಣ್ಣ ಚೀಟಿಯನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಹರಡಿಕೊಂಡು ಕುಳಿತ. 'ಇಳಿಸತಕ್ಕದ್ದಲ್ಲ' ಎಂಬ ಶಬ್ದವನ್ನು ಅವನು ಎಷ್ಟು ನೋಡಿದನೆಂದರೆ, ಯೂರಿಯಾ ಕೇಳಲು ಬಂದವನಿಗೂ 'ಇಳಿಸತಕ್ಕದ್ದಲ್ಲ' ಎಂದು ಉತ್ತರ ಕೊಟ್ಟ. ಆಮೇಲೆ ಥಟ್ಟನೆ ಹೊಳೆಯಿತು. ಹೊಳೆಯಬಾರದಾಗಿತ್ತು.

"ಪಾರ್ವತಿ! ಇಳಿಸಬ್ಯಾಡ ಅಂದಾರ ಹೌದಿಲ್ಲೋ? ಇಳಿಸಂಗಿಲ್ಲ! ನಂದಿ ನೆಲಾ ಮುಟ್ಟಲಾರದಂಗ ಟ್ರಾಲಿ ಮ್ಯಾಲೆ ಮೆರವಣಿಗಿ ಹೊಕ್ಕೈತಿ. ಹಲಗಿ ಬಡಸ್ತೀನಿ, ಫ್ಲೆಕ್ಸ್ ಹಾಕಸ್ತೀನಿ. ಮಂದಿ ಮೊಬೈಲ್ ಹಿಡದು ನಿಂತ್ರ ಆ ಮೇಡಂ ನಡುಗಿ, ಇದ್ದಂಗಾ ಪಾಸ್ ಮಾಡ್ಬೇಕು. ಅಲ್ಲಿಂದ ಸೀದಾ ನಂದಿ ಮ್ಯಾಲೆ ಲಿಂಗಸುಗೂರಿಗೆ!"

ಮುಂದಿನ ಕ್ಯಾಂಪು ಸೋಮವಾರವೇ ಇತ್ತು. ಗೃಹಪ್ರವೇಶದ ಹಾಲುಕ್ಕಿಸುವ ಮುಹೂರ್ತ ಅದೇ ಸಂಜೆ. ಪಾರ್ವತೆಮ್ಮ ಗಂಡನ ಮುಖವನ್ನೊಮ್ಮೆ, ಗಾಡಿಯ ಮುಖವನ್ನೊಮ್ಮೆ ನೋಡಿದಳು. ಎರಡರಲ್ಲಿ ರಿಪೇರಿಯಾಗುವಂಥದ್ದು ಯಾವುದೆಂದು ಅವಳಿಗೆ ಗೊತ್ತಿತ್ತು.

"ಆತ್ರೀ," ಎಂದಳು. "ನೀವು ಫ್ಲೆಕ್ಸ್ ಮಾಡಿಸ್ಕೊಂಡು ಬರ್ರಿ. ನಂದಿಗೆ ಪೂಜಿ ಮಾಡಿ ಶಾಲು ಹೊಚ್ಚಿಸೂದು ನನಗ ಬಿಡ್ರಿ. ಮತ್ತ ಸಿಂಧನೂರಿಗೆ ನಾ ಮಾತ್ರ ಬಸ್ಸಿಗೆ ಬರ್ತೀನಿ. ನಿಮ್ಮ ಬಸವಣ್ಣಗಿಂತ ನನ್ನ ಬಸ್ಸಣ್ಣ ಖಾತ್ರಿ."

ಟ್ರಾಲಿ ಪಾಮನಕಲ್ಲೂರಿನ ಮಾನಪ್ಪನದು. "ಹಂಪಣ್ಣ, ಹೊಲಕ್ಕಾದ್ರ ಹೊಡೀತೀನಿ. ಸಿಂಧನೂರು ತನಕಾ ಅಂದ್ರ... ಟ್ರಾಲಿಗೆ ನಂಬರ್ ಇಲ್ಲ ನೋಡು," ಎಂದು ಅವನು ತಲೆ ಕೆರೆದ.

"ಟ್ರಾಲಿ ಯಾವನು ನೋಡ್ತಾನಲೇ? ನಂದಿ ನೋಡ್ತಾರ!"

ಟ್ರಾಲಿಯ ಹಿಂದೆ ನಂಬರು ಇರಬೇಕಾದ ಜಾಗದಲ್ಲಿ 'ರೈತನೇ ದೇಶದ ಬೆನ್ನೆಲುಬು' ಎಂದು ಬರೆಸಿತ್ತು. ಅದರ ಮೇಲೆ ಫ್ಲೆಕ್ಸು ಬಿಗಿದರು: 'ರಸ್ತೆಗಿಳಿಯದ ನಂದಿಯ ನ್ಯಾಯಯಾತ್ರೆ.' ಚಿತ್ರದಲ್ಲಿ ನಂದಿ ಅಂಗೈಯಷ್ಟಿತ್ತು, ಕೈಮುಗಿದ ಹಂಪಣ್ಣ ಆಳೆತ್ತರ ಇದ್ದ.

ಯಾತ್ರೆ ಹೊರಟಿತು. ಟ್ರಾಲಿಯಲ್ಲಿ ಶಾಲು ಹೊದ್ದ ಗಾಡಿ, ಪಕ್ಕದಲ್ಲಿ ಹಗ್ಗ ಹಿಡಿದ ಹಂಪಣ್ಣ, ಹಿಂದೆ ಹಲಗೆಯವರು. ದಾರಿಯಲ್ಲಿ ಆದಮ್ಮ ಎಂಬ ಮುದುಕಿ ಟ್ರ್ಯಾಕ್ಟರ್ ನಿಲ್ಲಿಸಿ ಕೈಮುಗಿದಳು.

"ಯಾವ ದೇವರಪ್ಪಾ?"

"ನಂದಿ, ಯವ್ವಾ!"

ಮುದುಕಿ ಶಾಲಿನ ಕೆಳಗೆ ಇಣುಕಿದಳು. "ಹಂಗಾರ ಬಾಲದಾಗ ಹೊಗಿ ಯಾಕ ಬರತೈತೋ ಮಾರಾಯಾ?" ಎಂದು, ಒಡೆಯಲು ತಂದ ಕಾಯಿಯನ್ನು ವಾಪಸು ಉಡಿಗೆ ಹಾಕಿಕೊಂಡಳು. ಸೈಲೆನ್ಸರಿಗೆ ಹಲಗೆಯವರು ಊದಿನಕಡ್ಡಿ ಸಿಕ್ಕಿಸಿದ್ದರು.

ಸಿಂಧನೂರಿನ ಬಯಲಿನಲ್ಲಿ ಮಂದಿ ಸೇರಿತು. ಪಾರ್ವತೆಮ್ಮ ಆಗಲೇ ಬಸ್ಸಿನಲ್ಲಿ ಬಂದು, ಹೊಸ ಸೀರೆಯುಟ್ಟು, ಹಾಲಿನ ಗಿಂಡಿ ಇಟ್ಟ ಚೀಲ ಹಿಡಿದು ಬೇವಿನ ನೆರಳಲ್ಲಿ ನಿಂತಿದ್ದಳು. ಮೊಬೈಲುಗಳು ಮೇಲೆದ್ದವು. ಸಂಘಮಿತ್ರಾ ಪೆನ್ನು ಮುಚ್ಚಿ ಎದ್ದು ಬಂದಳು.

"ಬಂಧುಗಳೇ!" ಹಂಪಣ್ಣ ಟ್ರಾಲಿಯ ಮೇಲಿಂದ ಶುರುಮಾಡಿದ. "ಕನ್ನಡಿ ಇಲ್ಲಂತ ಫೇಲ್! ಸೀರೆಗಾರ್ಡ್ ಇಲ್ಲಂತ ಫೇಲ್! ನೋಡ್ರಿ ಈ ಅನ್ಯಾಯಾ!" ಎಂದು ಶಾಲು ಎಳೆದ.

ಎಡಗಡೆ ಹೊಸ ಕನ್ನಡಿ ಫಳಫಳಿಸಿತು. ಹೆಡ್‌ಲೈಟು ತೊಳೆದ ಮುಖದ ಕೂಸಿನಂತೆ ಹೊಳೆಯುತ್ತಿತ್ತು. ಹಿಂದಿನ ಗಾಲಿಗೆ ಬೆಳ್ಳಿಯಂಥ ಸೀರೆಗಾರ್ಡು. ಗಾಬರಿಯಲ್ಲಿ ಹಂಪಣ್ಣನ ಕೈ ಹಾರ್ನಿಗೆ ತಾಗಿ, ನಂದಿ ಮೊದಲ ಸಲ ಸ್ಪಷ್ಟವಾಗಿ ಮಾತಾಡಿತು.

ಮಂದಿ ಬಿದ್ದು ಬಿದ್ದು ನಕ್ಕರು. "ಎಲ್ಲೈತೋ ಅನ್ಯಾಯ? ಕನ್ನಡ್ಯಾಗ ನೋಡ್ಕೋ!" ಎಂದು ಯಾರೋ ಕೂಗಿದರು. ಹಂಪಣ್ಣ ಬೇವಿನ ಮರದ ಕಡೆ ತಿರುಗಿದ. ಪಾರ್ವತೆಮ್ಮ ಬೇವಿನ ಎಲೆ ಪರೀಕ್ಷಿಸುತ್ತಿದ್ದಳು.

"ಎಲ್ಲಾ ಸರಿ ಮಾಡ್ಸೀರಿ, ಚಲೋ ಆತು," ಎಂದಳು ಸಂಘಮಿತ್ರಾ. "ಇಳಸ್ರಿ. ಒಂದು ಸುತ್ತು ಓಡಿಸಿದ್ರ ಪಾಸ್."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೊಬೈಲುಗಳು ಇನ್ನೂ ಮೇಲೇ ಇದ್ದವು, ಹಂಪಣ್ಣನ ಮರ್ಯಾದೆ ಕೆಳಗೆ ಬಿದ್ದಿತ್ತು.

"ಇಳಸಂಗಿಲ್ಲ!" ಎಂದ. "ಇಳಿಸತಕ್ಕದ್ದಲ್ಲ ಅಂತ ಬರದಾವ್ರು ನೀವು. ಮೊದ್ಲು ನಂದಿ ಸ್ಥಿತಿ ಉತ್ತಮ ಅಂತ ಬರದು ಸಹಿ ಹಾಕ್ರಿ. ಆಮ್ಯಾಲೆ ಇಳೀತೈತಿ."

"ಇಳಿಸಲಾರದ ಓಡ್ಸೂದು ಹೆಂಗ್ರೀ? ಓಡಿಸಲಾರದ ಪಾಸ್ ಮಾಡೂದು ಹೆಂಗ?"

"ಅದು ಇಲಾಖೆ ತಲಿನೋವು!"

ಚಪ್ಪಾಳೆ ಬಿತ್ತು. "ಏನ್ರೀ, ಇಳಸ್ರಿ," ಪಾರ್ವತೆಮ್ಮ ಕೂಗಿದಳು. "ಹಾಲುಕ್ಕೂ ಹೊತ್ತಾಗತೈತಿ."

"ನೀ ಸುಮ್ಕಿರು. ಚರಿತ್ರೆ ಬರಿಯಾಕತ್ತೀನಿ."

ಸಂಘಮಿತ್ರಾ ನಂದಿಯನ್ನು ನೋಡುವುದು ಬಿಟ್ಟು, ನಂದಿ ನಿಂತದ್ದನ್ನು ನೋಡಿದಳು. ಟ್ರಾಲಿಯನ್ನು ಸುತ್ತು ಹಾಕಿ, ಹಿಂದಿನ ಫ್ಲೆಕ್ಸು ಎತ್ತಿ, ದೇಶದ ಬೆನ್ನೆಲುಬನ್ನು ಓದಿದಳು.

"ನಂಬರ್ ಎಲ್ಲೈತಿ?"

ಮಾನಪ್ಪ ಆಕಾಶ ನೋಡಿದ.

"ಬೇಸಾಯದ ಟ್ರಾಲಿ ಅಲ್ಲೇನು? ತೊಗರಿ ಹೇರ್ರಿ, ಹತ್ತಿ ಹೇರ್ರಿ. ಮೋಟರ್‌ಸೈಕಲ್ ಯಾವ ಬೆಳಿ ರೀ ಇದು, ಮುಂಗಾರಿಂದೋ ಹಿಂಗಾರಿಂದೋ?"

ಈಗ ನಗೆ ಅವಳ ಕಡೆ ಹೋಯಿತು. "ಟ್ರಾಲಿ ಜಪ್ತಿ," ಎಂದಳು. "ಗಾಡಿ ಇಳಿಸ್ಕೊಳ್ಳೂದಿದ್ರ ಈಗಾ ಇಳಿಸ್ಕೋರಿ. ಬರದ ಮ್ಯಾಲೆ ಒಳಗಿದ್ದದ್ದೆಲ್ಲಾ ಟ್ರಾಲಿ ಸಂಗಾಟ ಹೊಕ್ಕೈತಿ."

ಹಲಗೆಯವರು ಹಲಗೆ ಸಮೇತ ಧುಮುಕಿದರು. ಹಂಪಣ್ಣ ಕೈಕಟ್ಟಿ ನಿಂತ. "ಹೆದರಸ್ತೀರೇನು? ಬರೀರಿ, ನೋಡೂಣಂತ!"

ಅವಳು ಬರೆದಳು. ಪೊಲೀಸಪ್ಪನೊಬ್ಬ ಮಾನಪ್ಪನ ಪಕ್ಕ ಹತ್ತಿ ಕುಳಿತ. ಟ್ರ್ಯಾಕ್ಟರ್ ಸ್ಟಾರ್ಟ್ ಆದಾಗ ಹಂಪಣ್ಣನಿಗೆ ಚರಿತ್ರೆ ಅಲುಗಾಡಿದ ಅನುಭವವಾಯಿತು.

ಪಾರ್ವತೆಮ್ಮ ಚೀಲ ಬಗಲಿಗೇರಿಸಿದಳು. "ಲಿಂಗಸುಗೂರು ಬಸ್ ಬರೂ ಹೊತ್ತಾತು. ಗಾಡಿ ಸಂಗಾಟ ನೀವೂ ಜಪ್ತಿ ಆಗೀರೋ, ಬರ್ತೀರೋ?" ಉತ್ತರಕ್ಕೆ ಕಾಯದೆ, ಸೆರಗು ಸಂಭಾಳಿಸಿಕೊಳ್ಳುತ್ತ ರಸ್ತೆಯ ಕಡೆ ನಡೆದಳು.

"ಮೇಡಂ! ಇಳಸ್ತೀನ್ರೀ! ಈಗಾ ಇಳಸ್ತೀನಿ!" ಹಂಪಣ್ಣ ಟ್ರಾಲಿಯಿಂದ ಜಿಗಿದ. ಅವನು ಇಳಿದ, ನಂದಿ ಇಳಿಯಲಿಲ್ಲ.

"ಬರದಾತಲ್ರೀ," ಎಂದು ಸಂಘಮಿತ್ರಾ ಜಪ್ತಿ ಚೀಟಿ ಹರಿದು ಅವನ ಕೈಗಿಟ್ಟಳು. ಹಂಪಣ್ಣ ಓದಿದ. 'ಪ್ರಕರಣ ಇತ್ಯರ್ಥವಾಗುವವರೆಗೆ ಸದರಿ ಮಾಲನ್ನು ಟ್ರಾಲಿಯಿಂದ ಇಳಿಸತಕ್ಕದ್ದಲ್ಲ.' ಅದರ ಕೆಳಗೆ, ಅವನು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದು ಸಹಿ ಹಾಕಿದ್ದಳು:

'ಮಾಲು: ಮೋಟರ್‌ಸೈಕಲ್, ಒಂದು. ಸ್ಥಿತಿ: ಉತ್ತಮ.'